ಮಕ್ಕಳಿಗೆ ಸಂಗೀತ ಪಾಠ: ಮೊದಲು ಶ್ರುತಿ ಸರಿಯಾಗಲಿ

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದೇ ಶಿಕ್ಷಕರಿರುವುದು ಅಪರೂಪ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲವರು ಸಂಗೀತ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗಳು. ಇದಕ್ಕೆ ದೊಡ್ಡ ವಿದ್ವತ್ತು ಬೇಕಿಲ್ಲ. ಜೂನಿಯರ್ ಮಟ್ಟದ ಕಲಿಕೆ, ಶ್ರುತಿಶುದ್ಧ ದನಿ ಮತ್ತು ತಾಳ್ಮೆ ಇದ್ದರೆ ಸಾಕು. ಆದರೆ ಗುರುಗಳ ಮನೆಯಲ್ಲಿ ತಾವು ಕಲಿತ ಕ್ರಮವನ್ನೇ 40 ಮಕ್ಕಳ ಮುಂದಿಟ್ಟರೆ ಎರಡು ಮೂರು ವಾರಗಳಲ್ಲೇ ತರಗತಿ ಸೊರಗುತ್ತದೆ. ಅದರಲ್ಲೂ ಶ್ರುತಿ ಹಿಡಿಯುವಲ್ಲಿ ಆಗುವ ತಪ್ಪು ಮಕ್ಕಳನ್ನು ಹಾಡಿನಿಂದಲೇ ದೂರ ಮಾಡುತ್ತದೆ.

1. ಒಪ್ಪಿಗೆ ಮತ್ತು ಸಮಯ

ಕಾಲೇಜಿನ ಪ್ರಾಂಶುಪಾಲರ ಅಥವಾ ಎನ್‌ಎಸ್‌ಎಸ್ ಅಧಿಕಾರಿಯ ಪತ್ರದೊಂದಿಗೆ ಶಾಲೆಯ ಮುಖ್ಯ ಶಿಕ್ಷಕರನ್ನು ಕಾಣಬೇಕು. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕಿರುವುದರಿಂದ ಈ ಕೆಲಸವನ್ನು ಅದರಲ್ಲಿ ಸೇರಿಸಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, 40 ನಿಮಿಷ ಸಾಕು. ವರ್ಷವಿಡೀ ಬರುತ್ತೇವೆಂದು ಹೇಳಿ ಸೆಮಿಸ್ಟರ್ ಪರೀಕ್ಷೆ ಬಂದಾಗ ಕಾಣೆಯಾಗುವುದಕ್ಕಿಂತ, ಹತ್ತು ವಾರವೆಂದು ಹೇಳಿ ಹತ್ತೂ ವಾರ ಹೋಗುವುದು ಲೇಸು. ಮಕ್ಕಳು ಆ ದಿನಕ್ಕಾಗಿ ಕಾಯುತ್ತಾರೆ.

ತರಗತಿ ನಡೆಯುವಾಗ ಶಾಲೆಯ ಶಿಕ್ಷಕರೊಬ್ಬರು ಕೋಣೆಯಲ್ಲಿರಬೇಕು. ಮಕ್ಕಳ ಫೋಟೊ, ವಿಡಿಯೊಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬಾರದು.

2. ಹಾಡಿನ ಆಯ್ಕೆ

ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂಬ ಪಾಠಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಕರ್ನಾಟಕ ಸಂಗೀತದ ಪರಂಪರೆ. ಗುರುವಿನ ಎದುರು ಕೂತು ಕಲಿಯುವ ಮಗುವಿಗೆ ಅದು ಇಂದಿಗೂ ಗಟ್ಟಿ ಬುನಾದಿ. ಶಾಲೆಯ ಗುಂಪಿನಲ್ಲಿ ಮಾತ್ರ ಅದರಿಂದ ಆರಂಭಿಸುವುದು ಸರಿಯಲ್ಲ. ಆ ವರಸೆಗಳ ರಾಗವಾದ ಮಾಯಾಮಾಳವಗೌಳದಲ್ಲಿ ಷಡ್ಜ-ಶುದ್ಧ ರಿಷಭ, ಪಂಚಮ-ಶುದ್ಧ ಧೈವತಗಳ ನಡುವಿನ ಅಂತರ ತೀರಾ ಕಿರಿದು. ಹೊಸ ಕಿವಿಗಳು ಗದ್ದಲದ ಕೋಣೆಯಲ್ಲಿ ಅದನ್ನು ಗುರುತಿಸುವುದು ಕಷ್ಟ.

ಮೊದಲ ಪಾಠ ಹಾಡೇ ಆಗಿರಲಿ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಊರಿನ ಜನಪದ ಗೀತೆಗಳು, ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಆಗಲೇ ಕಲಿತ ಪದ್ಯಗಳು ಕೈಗೆ ಸಿಗುವಂತಿವೆ. ಐದಾರು ಸ್ವರಗಳೊಳಗೆ ಮುಗಿಯುವ, ಪಲ್ಲವಿ ಮತ್ತೆ ಮತ್ತೆ ಬರುವ ಹಾಡನ್ನು ಆರಿಸಬೇಕು. ನಾಡಗೀತೆಯನ್ನು ಕಲಿಸುವುದಾದರೆ ಧಾಟಿ ಬದಲಿಸುವಂತಿಲ್ಲ: ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿದೆ.

3. ಶ್ರುತಿ

ಹೆಚ್ಚಿನ ತರಗತಿಗಳು ಕೆಡುವುದು ಇಲ್ಲಿಯೇ. ಕಲಿಸುವವರು ತಮ್ಮ ಅಭ್ಯಾಸದ ಶ್ರುತಿಯಲ್ಲಿ ಹಾಡು ಎತ್ತಿಕೊಳ್ಳುತ್ತಾರೆ, ಮಕ್ಕಳು ಅದಕ್ಕೆ ಹೊಂದಿಕೊಳ್ಳಲಿ ಎಂದು ಕಾಯುತ್ತಾರೆ. ಹೊಂದಿಕೊಳ್ಳಬೇಕಾದವರು ಕಲಿಸುವವರು.

ಐದೂವರೆ ಮನೆ ಶ್ರುತಿಯಲ್ಲಿ ಹಾಡಿ ರೂಢಿಯಾದ ಕಾಲೇಜು ವಿದ್ಯಾರ್ಥಿನಿಯ ಷಡ್ಜ ಎಂಟು ವರ್ಷದ ಮಗುವಿಗೆ ತುಂಬಾ ತಗ್ಗು. ಅಲ್ಲಿಗೆ ಇಳಿದಾಗ ಮಗುವಿನ ಹಾಡು ಗೊಣಗಿನಂತಾಗುತ್ತದೆ, ಮಂದ್ರ ಸ್ವರಗಳು ಕೇಳಿಸುವುದೇ ಇಲ್ಲ. ಗಂಡು ದನಿಯಲ್ಲಿ ಕಲಿಸುವಾಗ ತೊಂದರೆ ಬೇರೆ ಬಗೆಯದು. ಹಾಡುವವನಿಗಿಂತ ಒಂದು ಸ್ಥಾಯಿ ಮೇಲೆ ಹಾಡಬೇಕೆಂದು ಕೆಲವು ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ಅವನ ದನಿಯನ್ನೇ ಹಿಡಿಯಲು ಹೋಗಿ ಗಂಟಲು ಒತ್ತಿಕೊಳ್ಳುತ್ತಾರೆ.

ಆರರಿಂದ ಹತ್ತು ವರ್ಷದ ಮಕ್ಕಳ ಗುಂಪಿಗೆ ಕೀಬೋರ್ಡಿನ ನಟ್ಟನಡುವಿನ ಸಿ, ಅಂದರೆ ಸುಮಾರು 261 ಹರ್ಟ್ಸ್‌ನ ಸ್ವರದಿಂದ ಅದರ ಮೇಲಿನ ಸಿವರೆಗಿನ ಒಂದು ಸ್ಥಾಯಿ ಸಾಮಾನ್ಯವಾಗಿ ಸುರಕ್ಷಿತ. ಶ್ರುತಿ ಗೊತ್ತುಮಾಡುವ ಕ್ರಮ ಹೀಗೆ:

ಮೊದಲು ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರಗಳನ್ನು ಗುರುತಿಸಿಕೊಳ್ಳಬೇಕು. ಹಾಡು ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ಹರಡಿದ್ದರೆ ಒಂದು ಮನೆ ಶ್ರುತಿ ಸರಿಹೊಂದುತ್ತದೆ. ಮಂದ್ರ ಪಂಚಮಕ್ಕೆ ಇಳಿದು ಮಧ್ಯ ಪಂಚಮದವರೆಗೆ ಏರುವ ಹಾಡಿಗೆ ನಾಲ್ಕು ಮನೆ ಬೇಕು. ಹೀಗೆ ಶ್ರುತಿ ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಇಡೀ ವರ್ಷಕ್ಕೆ ಒಂದೇ ಶ್ರುತಿ ಎಂದು ಪಟ್ಟು ಹಿಡಿಯಬಾರದು.

ಆಮೇಲೆ ಮೂರು ನಾಲ್ಕು ಮಕ್ಕಳ ಗುಂಪಿನಿಂದ ಒಂದೊಂದು ಸಾಲು ಹಾಡಿಸಿ ಗಮನಿಸಬೇಕು. ಮೇಲಿನ ಸ್ವರ ಬಂದಾಗ ಮಗು ಗಲ್ಲ ಮೇಲೆತ್ತಿ, ಹೆಗಲು ಬಿಗಿದು, ಕತ್ತಿನ ನರ ಉಬ್ಬಿಸಿಕೊಂಡರೆ ಶ್ರುತಿ ಏರಾಯಿತು. ಕೆಳಗಿನ ಸ್ವರದಲ್ಲಿ ಹಾಡು ಮಾತಿನಂತೆ ಕೇಳಿದರೆ ತಗ್ಗಾಯಿತು. ಅರ್ಧ ಮನೆ, ಒಂದು ಮನೆ ಸರಿಸಿ ಮತ್ತೆ ನೋಡಬೇಕು.

ಗಂಡು ದನಿಯವರು ಮೊದಲ ಸ್ವರವನ್ನು ಮಕ್ಕಳ ಸ್ಥಾಯಿಯಲ್ಲೇ ಕೀಬೋರ್ಡಿನಲ್ಲಿ ನುಡಿಸಿ ತೋರಿಸಬೇಕು. ಶ್ರುತಿಗೆ ಚೆನ್ನಾಗಿ ಸೇರುವ ಮಗುವೊಂದರಿಂದ ಸಾಲು ಹಾಡಿಸಿ, ಉಳಿದವರು ಆ ಮಗುವನ್ನು ಅನುಸರಿಸುವಂತೆ ಮಾಡಿದರೆ ಗೊಂದಲ ತೀರುತ್ತದೆ. ಮೊಬೈಲಿನ ತಂಬೂರಿ ಆ್ಯಪ್ 40 ಮಕ್ಕಳ ಕೋಣೆಯಲ್ಲಿ ಕೇಳಿಸುವುದಿಲ್ಲ. ಸ್ಪೀಕರಿಗೆ ಜೋಡಿಸಬೇಕು, ಇಲ್ಲವೇ ಶ್ರುತಿಪೆಟ್ಟಿಗೆ ಒಯ್ಯಬೇಕು.

“ಜೋರಾಗಿ ಹಾಡಿ” ಎಂಬ ಸೂಚನೆ ಬೇಡ. ಮಕ್ಕಳ ಮಟ್ಟಿಗೆ ಜೋರು ಎಂದರೆ ಕಿರುಚುವುದು, ಕಿರುಚಿದಾಗ ಶ್ರುತಿ ಏರುತ್ತದೆ, ಗಂಟಲು ಕೆಡುತ್ತದೆ. “ಪಕ್ಕದವರ ದನಿ ಕೇಳಿಸುವಷ್ಟು ಹಾಡಿ” ಎಂದರೆ ಕೆಲಸವಾಗುತ್ತದೆ. ದನಿ ಒಡೆಯುತ್ತಿರುವ ಏಳು, ಎಂಟನೇ ತರಗತಿಯ ಹುಡುಗರು ಕೆಳಗಿನ ಸ್ಥಾಯಿಯಲ್ಲಿ ಹಾಡಲಿ.

ಅಪಸ್ವರ ಹಾಡುತ್ತಾರೆಂದು ಹಿಂದಿನ ಸಾಲಿಗೆ ಕಳಿಸಲಾದ ಮಕ್ಕಳಲ್ಲಿ ಅನೇಕರು ಶ್ರುತಿ ಸರಿಪಡಿಸಿದೊಡನೆ ಸೇರಿ ಹಾಡುತ್ತಾರೆ. ಯಾವ ಮಗುವಿಗೂ “ನೀನು ಸುಮ್ಮನೆ ಬಾಯಾಡಿಸು” ಎಂದು ಹೇಳಬಾರದು. ಅಂಥ ಮಾತು ಕೇಳಿದ ಮಗು ದೊಡ್ಡದಾದ ಮೇಲೂ ನಾಲ್ಕು ಜನರ ಎದುರು ಹಾಡಲು ಹಿಂಜರಿಯುತ್ತದೆ.

4. ಸಾಲು, ತಾಳ, ಸ್ವರ

ಇಡೀ ಹಾಡನ್ನು ಒಮ್ಮೆ ಕೇಳಿಸಿ, ಅರ್ಥ ಹೇಳಿ, ಒಂದೊಂದೇ ಸಾಲು ಕಲಿಸಬೇಕು. ಕಲಿಸುವವರು ಹಾಡುವಾಗ ಮಕ್ಕಳು ಕೇಳಬೇಕು, ಮಕ್ಕಳು ಹಾಡುವಾಗ ಕಲಿಸುವವರು ಸುಮ್ಮನಿರಬೇಕು. ಜೊತೆಗೂಡಿ ಹಾಡಿದರೆ ತಪ್ಪು ಎಲ್ಲಿದೆ ಎಂಬುದು ತಿಳಿಯುವುದೇ ಇಲ್ಲ.

ಹಾಡು ಬಾಯಿಗೆ ಬಂದ ಮೇಲೆ ತಾಳ. ಆದಿತಾಳದ ಎಂಟು ಅಕ್ಷರಗಳನ್ನು ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ತಟ್ಟು-ತಿರುವು, ತಟ್ಟು-ತಿರುವು ಎಂದು ಎದುರು ನಿಂತು ತೋರಿಸಬೇಕು. ಜನಪದ ಗೀತೆಗಳಲ್ಲಿ ಬಹಳಷ್ಟು ಮೂರು ಮೂರರ ನಡೆಯಲ್ಲಿರುತ್ತವೆ. ಅವನ್ನು ಆದಿತಾಳಕ್ಕೆ ಎಳೆದು ಕೂರಿಸುವುದು ಬೇಡ, ಚಪ್ಪಾಳೆಯಲ್ಲೇ ನಡೆಯಲಿ.

ಐದನೇ ವಾರದ ಹೊತ್ತಿಗೆ ಸ್ವರ ಶುರು ಮಾಡಬಹುದು. ಸ-ರಿ-ಗ-ಪ-ದ ಎಂಬ ಐದೇ ಸ್ವರಗಳ ಮೋಹನ ರಾಗ ಇದಕ್ಕೆ ತಕ್ಕುದು. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರು ಭೂಪದಿಂದ ಆರಂಭಿಸಲಿ. ಕಿರಿದಾದ ಅಂತರಗಳಿಲ್ಲದ್ದರಿಂದ ಗುಂಪು ಬೇಗ ಶ್ರುತಿಗೆ ಸೇರುತ್ತದೆ.

5. ಕೊನೆಯ ವಾರಗಳು

ಕೊನೆಯ ಎರಡು ತರಗತಿಗಳಲ್ಲಿ ಹೊಸ ಪಾಠ ಬೇಡ. ಕಲಿತ ಹಾಡುಗಳ ಪಟ್ಟಿ, ಪ್ರತಿ ಹಾಡಿನ ಶ್ರುತಿ, ಒಂದು ಧ್ವನಿಮುದ್ರಣ: ಇಷ್ಟನ್ನು ತರಗತಿ ಶಿಕ್ಷಕರಿಗೆ ಕೊಡಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ಹಾಡು ಎತ್ತಿಕೊಡಲು ಇಬ್ಬರು ಮೂವರು ಮಕ್ಕಳನ್ನು ಅಣಿಗೊಳಿಸಬೇಕು. ಮುಂದಿನ ಸೆಮಿಸ್ಟರಿನಲ್ಲಿ ಬರುವ ವಿದ್ಯಾರ್ಥಿ ಅದೇ ಪಟ್ಟಿಯಿಂದ ಮುಂದುವರಿಸಲಿ.