ವಿದ್ಯಾರ್ಥಿನಿಲಯ ಮತ್ತು ಗೋಪ್ಯ

‘ಗೋಪ್ಯ’ ಶಬ್ದವು ‘ಗುಪ್’ ಧಾತುವಿನಿಂದ ಹುಟ್ಟಿದುದು. ವೈಯಾಕರಣರು ಆ ಧಾತುವಿಗೆ ರಕ್ಷಿಸುವುದೆಂಬ ಅರ್ಥವನ್ನು ಹೇಳುವರು.

ಹರಿಹರ ಸೀಮೆಯ ಹಳ್ಳಿಗಳಿಂದ ನಂದಿಗುಡಿಗೆ ಬಂದು ನೆಲೆಸುವ ಬಾಲಕನಿಗೆ ಅಳುವುದಕ್ಕೂ ಮರೆಯಾದ ಮೂಲೆ ದೊರೆಯದು. ಪಾಠ ಹೇಳುವವರೇ ಅಂಕವೀಯುವವರು, ನಿಲಯಪಾಲಕರೇ ದಂಡಿಸುವವರು; ಅವರೆದುರು ಎದೆ ತೆರೆಯುವುದೆಂತು? ಆದುದರಿಂದ ಅಂಕಕ್ಕೂ ದಂಡನೆಗೂ ಹೊರತಾದ ಆಪ್ತಸಲಹೆಗಾರರೊಬ್ಬರು ವಾರಕ್ಕೊಮ್ಮೆಯಾದರೂ ಬರತಕ್ಕದ್ದು. ಕಟ್ಟಡಕ್ಕೆ ಉದಾರವಾಗಿ ನೀಡುವ ದಾನಿಗಳು ಅವರ ವೇತನವನ್ನೂ ನೆನೆಯಬೇಕು. ಅವರ ಕೊಠಡಿಯು ಕಾರ್ಯಾಲಯದ ಪಕ್ಕದಲ್ಲಿರಕೂಡದು. ಅಲ್ಲಿ ಕಾದು ನಿಂತವನ ಸುದ್ದಿಯು ಪ್ರಸಾದದ ಪಂಕ್ತಿಗೆ ಮುನ್ನವೇ ಹರಡುವುದು!

ಮನೆಯ ಬಡತನ, ಪರೀಕ್ಷೆಯ ಭಯ, ಗೆಳೆಯರ ಕುಹಕ ಇವೆಲ್ಲ ಆ ಕೊಠಡಿಯಲ್ಲಿಯೇ ಉಳಿಯತಕ್ಕವು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದುದು ತಿಳಿದೊಡನೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ. ತಮ್ಮ ಅಧೀನದವರ ಇಂಥ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸ, ಮೇಲೆ ದಂಡ. ಸಂಸ್ಥೆಯ ಕೀರ್ತಿಗಾಗಿ ಬಚ್ಚಿಡುವುದಕ್ಕೆ ಗೋಪ್ಯವೆಂಬ ಹೆಸರು ಸಲ್ಲದು. ಈ ಮಿತಿಯನ್ನು ಸಲಹೆಗಾರರು ಮೊದಲ ದಿನವೇ ಮಗುವಿಗೆ ತಿಳಿಯಹೇಳಬೇಕು.

ಮಕ್ಕಳ ಸಹಾಯವಾಣಿ 1098, 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಈ ಸಂಖ್ಯೆಗಳನ್ನು ಊಟದ ಮನೆಯ ಗೋಡೆಯ ಮೇಲೆ ಬರೆಯಿಸಿದರೆ ಸಾಲದು. ಪಾಲಕರ ಕಿವಿಗೆ ಬೀಳದೆಡೆಯಲ್ಲಿ ದೂರವಾಣಿಯೊಂದನ್ನೂ ಇರಿಸಬೇಕು.