ಡಚ್ ಅಚ್ಚುಚಿತ್ರಗಳಲ್ಲಿ ರಾಜಕೀಯ ಅನ್ಯೋಕ್ತಿ

ಹೇಳುವುದು ಒಂದನ್ನು, ತಿಳಿಯಬೇಕಾದುದು ಮತ್ತೊಂದನ್ನು. ಇದನ್ನು ಆಲಂಕಾರಿಕರು ಅನ್ಯೋಕ್ತಿ ಎನ್ನುವರು. ಇದು ಕಾವ್ಯಕ್ಕಷ್ಟೇ ಮೀಸಲಾದುದಲ್ಲ. ಹದಿನಾರು, ಹದಿನೇಳನೆಯ ಶತಮಾನಗಳ ನೆದರ್ಲೆಂಡ್ಸಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಅನೇಕ ಚಿತ್ರಗಳು ರಾಜಕಾರಣವನ್ನು ನುಡಿದುದು ಈ ರೀತಿಯಿಂದಲೇ.

ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು 1567ರಲ್ಲಿ ಆಲ್ಬಾದ ಡ್ಯೂಕನನ್ನು ಸೈನ್ಯಸಹಿತ ಆ ನಾಡಿಗೆ ಕಳುಹಿಸಿದನು. ಮರುವರ್ಷ ಎಗ್ಮಂಟ್, ಹೋರ್ನ್ ಎಂಬ ಸರದಾರರ ಶಿರಶ್ಛೇದವಾಯಿತು. ಅನಂತರ ಹೊರಬಿದ್ದ ಆಲ್ಬಾನ ಸಿಂಹಾಸನದ ಚಿತ್ರದಲ್ಲಿ ಹದಿನೇಳು ಪ್ರಾಂತ್ಯಗಳು ಸಂಕೋಲೆ ತೊಟ್ಟ ಹದಿನೇಳು ಕನ್ಯೆಯರಾಗಿ ಮಂಡಿಯೂರಿವೆ. ಕಾರ್ಡಿನಲ್ ಗ್ರಾನ್ವೆಲ್ ತಿದಿ ಹಿಡಿದು ಡ್ಯೂಕನ ಕಿವಿಯೂದುತ್ತಾನೆ. ಪ್ರಾಂತ್ಯಗಳ ಪ್ರತಿನಿಧಿಗಳೋ, ತುಟಿಯ ಮೇಲೆ ಬೆರಳಿಟ್ಟು ಕಲ್ಲಾಗಿ ನಿಂತಿದ್ದಾರೆ. ಶತ್ರುವಿನ ಕ್ರೌರ್ಯಕ್ಕಿಂತ ಸ್ವಜನರ ಮೌನವೇ ಇಲ್ಲಿ ನೋಡುವವನನ್ನು ಹೆಚ್ಚು ಚುಚ್ಚುತ್ತದೆ.

1609ರಲ್ಲಿ ಹನ್ನೆರಡು ವರ್ಷಗಳ ಕದನವಿರಾಮವಾಯಿತು. ಆ ಅವಧಿಯಲ್ಲಿ, 1615ರಲ್ಲಿ, ವಿಲ್ಲೆಮ್ ಬೌಟೆವೆಖ್ ಕೊರೆದ ಚಿತ್ರದಲ್ಲಿ ಕನ್ಯೆ ಒಬ್ಬಳೇ. ಅವಳು ಒಗ್ಗೂಡಿದ ನಾಡು. ಬೇಲಿ ಕಟ್ಟಿದ ತೋಟದೊಳಗೆ ಅವಳು, ಬಾಗಿಲಲ್ಲಿ ಕಾವಲಿನ ಸಿಂಹ, ಹೊರಗೆ ಸ್ಪೇನಿನ ಕಪಟ.

ಆದರೆ ಬಿರುಕು ಬೇಲಿಯ ಒಳಗೇ ಕಾಣಿಸಿಕೊಂಡಿತು. ಮುಕ್ತಿಯು ದೇವರ ಪೂರ್ವನಿಶ್ಚಯ ಮಾತ್ರದಿಂದ ದೊರೆಯುವುದೇ, ಮನುಷ್ಯನ ಸಮ್ಮತಿಗೂ ಅಲ್ಲಿ ಸ್ಥಾನವುಂಟೇ? ಲೈಡನ್ ವಿದ್ಯಾಪೀಠದ ಗೊಮಾರುಸ್, ಅರ್ಮಿನಿಯುಸ್ ಎಂಬ ಪಂಡಿತರ ಈ ವಾದ ಮುಂದೆ ರಾಜ್ಯದ ಕಲಹವಾಯಿತು. 1618ರ ತಕ್ಕಡಿಯ ಚಿತ್ರ ಅದನ್ನೇ ತೂಗುತ್ತದೆ. ಒಂದು ತಟ್ಟೆಯಲ್ಲಿ ಗೊಮಾರುಸನ ಪಕ್ಷದ ಕ್ಯಾಲ್ವಿನ್ ಮತ್ತು ಬೇಜಾರ ಗ್ರಂಥಗಳು. ಇನ್ನೊಂದರಲ್ಲಿ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನ ನಿಲುವಂಗಿ, ನಗರಸಭೆಯ ಆಸನದ ದಿಂಬುಗಳು. ಗ್ರಂಥಗಳ ತಟ್ಟೆ ಮೇಲೇರಬೇಕಿತ್ತು. ಆದರೆ ಅದಕ್ಕೆ ರಾಜಕುಮಾರ ಮೌರಿಟ್ಸನ ಉಕ್ಕಿನ ಖಡ್ಗ ಸೇರಿದೆ, ಕೆಳಗಿಳಿದಿದೆ. ಚಿತ್ರದಲ್ಲಿ ದೂಷಣೆಯ ಗೆರೆಯೊಂದೂ ಇಲ್ಲ. ಮೌರಿಟ್ಸನ ಪಕ್ಷದವನು ಇದನ್ನು ವಿಜಯವೆಂದೇ ಓದಬಹುದು! ತತ್ತ್ವದ ತಕ್ಕಡಿಯಲ್ಲಿ ಕಬ್ಬಿಣಕ್ಕೇನು ಕೆಲಸವೆಂದು ಕೇಳುವವನಿಗೆ ಮಾತ್ರ ಧ್ವನಿ ತಿಳಿಯುತ್ತದೆ. ಆಲ್ಬಾನ ಚಿತ್ರದಲ್ಲಿ ಎಲ್ಲವೂ ವಾಚ್ಯದ ಸಮೀಪದಲ್ಲಿದೆ. ಇಲ್ಲಿ ವ್ಯಂಗ್ಯವೇ ಪ್ರಧಾನ. ಮೇಲ್ತರದ ಕೃತಿ ಇದೇ.

1619ರ ಮೇ 13ರಂದು, ಎಪ್ಪತ್ತು ದಾಟಿದ ಓಲ್ಡನ್‌ಬಾರ್ನೆವೆಲ್ಟನನ್ನು ಹೇಗ್ ನಗರದಲ್ಲಿ ಶಿರಶ್ಛೇದ ಮಾಡಲಾಯಿತು. ತಕ್ಕಡಿಯ ಚಿತ್ರಕ್ಕೆ ಪದ್ಯ ಬರೆದ ಕವಿ ವೊಂಡೆಲ್ 1625ರಲ್ಲಿ 'ಪಾಲಮೇಡೆಸ್' ಎಂಬ ನಾಟಕವನ್ನು ರಚಿಸಿದನು. ವಸ್ತು ಗ್ರೀಕರದು, ಟ್ರಾಯ್ ಯುದ್ಧದ ಶಿಬಿರದಲ್ಲಿ ಅನ್ಯಾಯವಾಗಿ ಹತನಾದ ವೀರನ ಕಥೆ. ಆಮ್ಸ್ಟರ್‌ಡ್ಯಾಮಿನ ನ್ಯಾಯಾಧೀಶರಿಗೆ ಅನ್ಯೋಕ್ತಿ ಚೆನ್ನಾಗಿಯೇ ಅರ್ಥವಾಯಿತು. ಕವಿಗೆ ಮುನ್ನೂರು ಗಿಲ್ಡರ್ ದಂಡ ವಿಧಿಸಿದರು.