ಬುದ್ಧಿಯ ಅಳತೆಗೋಲು ಮತ್ತು ಮನೆಮಾತು

ಮಗುವಿನ ಮೌನವನ್ನು ಮಂದಬುದ್ಧಿಯೆಂದು ಬಗೆಯುವುದು ಶಿಕ್ಷಕರಾದ ನಮಗೆ ಬಲು ಸುಲಭ. ಪಾಲಕರೂ ನಮ್ಮ ಮಾತನ್ನು ನಂಬಿ, ಇವನ ತಲೆಗೆ ವಿದ್ಯೆ ಹತ್ತದೆಂದು ಹುಡುಗನನ್ನು ಕೂಲಿಗೆ ಹಚ್ಚಿಬಿಡುತ್ತಾರೆ. ಆದುದರಿಂದ ಬುದ್ಧಿಯನ್ನು ಅಳೆಯುವ ಶಾಸ್ತ್ರವೇ ಒಮ್ಮೆ ಎಲ್ಲಿ ಎಡವಿತೆಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿಯುವುದು ಅವಶ್ಯ.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬವರು ಪ್ರಥಮ ಬುದ್ಧಿಪರೀಕ್ಷೆಯನ್ನು ರಚಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗುವುದೇ ಅವರ ಉದ್ದೇಶವಾಗಿತ್ತು. 1916ರಲ್ಲಿ ಅಮೇರಿಕೆಯ ಟರ್ಮನ್ನರು ಅದನ್ನು ತಮ್ಮ ದೇಶಕ್ಕೆ ಹೊಂದಿಸಿದರು. ಅಲ್ಲಿ ನೆರವಿಗಾಗಿ ಹುಟ್ಟಿದ ಅಂಕವು ಬರಬರುತ್ತ ಮಗುವಿನ ಹಣೆಬರಹವೇ ಆಯಿತು.

ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮೆಕ್ಸಿಕೋ ಮೂಲದ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಮಂದಬುದ್ಧಿಯವರ ತರಗತಿಗೆ ದಬ್ಬಲಾಗಿತ್ತು. ಅವರ ಪರವಾಗಿ ‘ಡಯಾನಾ’ ಎಂಬ ಹೆಸರಿನಲ್ಲಿ ದಾವೆ ಹೂಡಲಾಯಿತು. ಮಕ್ಕಳಿಗೆ ತಮ್ಮ ಭಾಷೆಯಲ್ಲಿಯೂ ಉತ್ತರಿಸುವ ಅವಕಾಶವಿತ್ತು ಪುನಃ ಪರೀಕ್ಷಿಸಿದಾಗ ಒಂಬತ್ತರಲ್ಲಿ ಏಳು ಮಕ್ಕಳು ಮಂದಬುದ್ಧಿಯ ಗೆರೆಯನ್ನು ದಾಟಿದರು. ಈ ನಡುವೆ ಅವರಿಗೆ ಹೊಸ ಮೆದುಳೇನೂ ಬಂದಿರಲಿಲ್ಲವಷ್ಟೆ! 1970ರಲ್ಲಿ ಆದ ಒಡಂಬಡಿಕೆಯಂತೆ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂದು ಗೊತ್ತಾಯಿತು. 1975ರ ಶಾಸನವು ಇದನ್ನು ಆ ದೇಶಕ್ಕೆಲ್ಲ ಅನ್ವಯಿಸಿತು.

ಇದಕ್ಕೂ ಬಹು ಮುಂಚೆಯೇ ನಮ್ಮವರೊಬ್ಬರು ಈ ತೊಡಕನ್ನು ಕಂಡಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿ, 1934ರಲ್ಲಿ ಪ್ರಕಟಿಸಿದರು. ‘ಬಿನೆ-ಕಾಮತ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಆದರೆ ನಮ್ಮ ಜತ್ತ ಭಾಗದ ತಾಂಡಾದ ಮಗುವಿನ ಮನೆಮಾತು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಕಬ್ಬಿನ ಹಂಗಾಮಿನಲ್ಲಿ ತಾಯಿತಂದೆಗಳೊಡನೆ ತಿಂಗಳುಗಟ್ಟಲೆ ಊರು ಬಿಡುವ ಅಂಥ ಒಬ್ಬ ಬಾಲಕನನ್ನು ನಾವೂ ದಡ್ಡನೆಂದೇ ಎಣಿಸಿದ್ದೆವು. ಭಾಗಾಕಾರದ ಲೆಕ್ಕವನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಅವನ ಓಣಿಯ ಗೆಳೆಯನಿಂದ ಲಂಬಾಣಿ ಮಾತಿನಲ್ಲಿ ಕೇಳಿಸಿದೆವು: ತೊಂಬತ್ತಾರು ಹೊರೆ ಕಬ್ಬನ್ನು ನಾಲ್ಕು ಬಂಡಿಗೆ ಸಮನಾಗಿ ಹೇರಿದರೆ ಬಂಡಿಗೆಷ್ಟು? ಪಾಟಿಯನ್ನು ಮುಟ್ಟದೆಯೇ ‘ಇಪ್ಪತ್ನಾಲ್ಕು’ ಎಂದ. ನಾವು ತಲೆತಗ್ಗಿಸಬೇಕಾಯಿತು. ಹಿರಿಯರ ಮುಖ ನೋಡಿ ಉತ್ತರಿಸುವುದು ಅವಿನಯವೆಂದು ಮನೆಯಲ್ಲಿ ಕಲಿಸಿದ್ದರಂತೆ. ಅದನ್ನೂ ನಾವು ಅಜ್ಞಾನದ ಲೆಕ್ಕಕ್ಕೇ ಹಾಕಿದ್ದೆವು.

ಹಾಗೆಂದು ಎಲ್ಲ ತೊಡಕಿಗೂ ಭಾಷೆಯೇ ಕಾರಣವೆಂದು ತಿಳಿಯಬಾರದು. ಕಲಿಕೆಯಲ್ಲಿ ಹಿಂದುಳಿದ ಮಗುವಿನ ಕಣ್ಣು, ಕಿವಿಗಳನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಮನೆಮಾತಿನ ನೆಪದಲ್ಲಿ ನಿಜವಾದ ನ್ಯೂನತೆಯನ್ನು ಮುಚ್ಚಿಡುವುದೂ ಅಪಾಯವೇ.

ಪಾಲಕರಲ್ಲಿ ನಮ್ಮ ವಿನಂತಿಯಿಷ್ಟು: ಹೆಸರು ಹಚ್ಚುವಾಗ ಮನೆಯಲ್ಲಿ ಆಡುವ ಮಾತು ಯಾವುದು, ಓಣಿಯಲ್ಲಿ ಆಡುವಾಗಿನ ಮಾತು ಯಾವುದು, ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿರುವುದಿಲ್ಲ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿರಿ. ಇದಕ್ಕಾಗಿ ದಾಖಲೆ ಪುಸ್ತಕದ ಪಕ್ಕದಲ್ಲಿ ಬೇರೊಂದು ವಹಿಯನ್ನು ಇಟ್ಟಿದ್ದೇವೆ. ಮೊದಲನೆಯ ಸಾಲಿನಲ್ಲಿ ಆ ಬಾಲಕನ ಹೆಸರೇ ಇದೆ.